ತಿರುಗಿಸಿಟ್ಟ ಬಿಲ್ಲೆ

ಇಂಗ್ಲೆಂಡಿನ ಲೀಡ್ಸ್ ನಗರದ ಬ್ರಿಗೇಟ್ ಬೀದಿಯಲ್ಲಿ ಓಡಾಡುವ ಹೊಸಬರಿಗೆ ವೈಟ್‌ಲಾಕ್ಸ್ ಎಂಬ ಪಬ್ ಕಣ್ಣಿಗೇ ಬೀಳುವುದಿಲ್ಲ. ಸಾಲು ಅಂಗಡಿಗಳ ನಡುವೆ ಒಂದು ಸಣ್ಣ ಓಣಿ. ಟರ್ಕ್ಸ್ ಹೆಡ್ ಯಾರ್ಡ್ ಅಂತ ಅದರ ಹೆಸರು. ಓಣಿ ದಾಟಿದರೆ ಉದ್ದನೆಯ ಅಂಗಳ, ಅಂಗಳದ ಪಕ್ಕಕ್ಕೆ ಅಷ್ಟೇ ಉದ್ದದ ಪಬ್. 1207ರಲ್ಲಿ ಈ ಊರಿಗೆ ಪೇಟೆಯ ಹಕ್ಕುಪತ್ರ ಸಿಕ್ಕಾಗ ಬ್ರಿಗೇಟಿಗೆ ಮುಖ ಮಾಡಿ ನಿವೇಶನಗಳನ್ನು ಪಟ್ಟಿ ಪಟ್ಟಿಯಾಗಿ ಹಂಚಿದ್ದರು. ನಮ್ಮ ಹಳೇ ಪೇಟೆಬೀದಿಯ ಮನೆಗಳ ಹಾಗೆ ಮುಂದೆ ಒಂದು ಮಾರು ಅಗಲ, ಹಿಂದಕ್ಕೆ ಹೋದಷ್ಟೂ ಮುಗಿಯದ ಉದ್ದ. ಆ ಪಟ್ಟಿಯ ಆಕಾರವೇ ಇಂದಿಗೂ ಪಬ್ಬಿನ ಆಕಾರ. 1715ರಲ್ಲಿ ಟರ್ಕ್ಸ್ ಹೆಡ್ ಎಂಬ ಹೆಸರಿನಿಂದ ಶುರುವಾದದ್ದು, ಹತ್ತೊಂಬತ್ತನೇ ಶತಮಾನದಲ್ಲಿ ವೈಟ್‌ಲಾಕ್ ಕುಟುಂಬದ ಕೈಗೆ ಬಂದು ಈಗಿನ ರೂಪ ಪಡೆಯಿತು.

ನಾನು ಮೊದಲ ಸಲ ಒಳಗೆ ಕಾಲಿಟ್ಟದ್ದು 2004ರ ನವೆಂಬರಿನ ಒಂದು ಸಂಜೆ. ಕೆಲಸದ ಮೇಲೆ ಬಂದು ಎರಡು ತಿಂಗಳಾಗಿತ್ತು. ನಿವೃತ್ತಿಗೆ ಹತ್ತಿರವಿದ್ದ ಸಹೋದ್ಯೋಗಿಯೊಬ್ಬರು ಕರೆದುಕೊಂಡು ಹೋದರು. ಹೊಗೆ ಎಷ್ಟು ದಟ್ಟವಾಗಿತ್ತೆಂದರೆ ಕೌಂಟರಿನ ಹಿಂದಿನ ಕನ್ನಡಿಗಳಲ್ಲಿ ಮುಖಗಳು ತೇಲುತ್ತಿರುವಂತೆ ಕಾಣುತ್ತಿದ್ದವು. ಕೌಂಟರಿನ ಮುಂಭಾಗಕ್ಕೆ ಬಣ್ಣದ ಸೆರಾಮಿಕ್ ಹಂಚು. ಅವು ಲೀಡ್ಸಿನದೇ ಬರ್ಮಂಟಾಫ್ಟ್ಸ್ ಕಾರ್ಖಾನೆಯವು. ಹಿತ್ತಾಳೆ, ತಾಮ್ರ, ಎರಕದ ಕಂಬ. ಕೌಂಟರಿನಾಚೆ ಇದ್ದ ನಡುವಯಸ್ಸಿನ ಹೆಂಗಸು ನನ್ನನ್ನು ನೋಡಿ, ‘ಏನು ಕೊಡಲಿ, ಲವ್?’ ಅಂದರು. ನಾನು ತಬ್ಬಿಬ್ಬಾದೆ. ಯಾರ್ಕ್‌ಶೈರಿನಲ್ಲಿ ಅದು ನಮ್ಮ ಕಡೆ ಅಂಗಡಿಯವರು ‘ಏನ್ ಬೇಕಪ್ಪಾ’ ಅನ್ನುವಷ್ಟೇ ಸಹಜವಾದ ಮಾತೆಂದು ತಿಳಿಯಲು ಕೆಲವು ವಾರ ಬೇಕಾಯಿತು. ಈಗ ಆ ಪದ ಕಿವಿಗೆ ಬಿದ್ದರೆ ಊರು ತಲುಪಿದ ಹಾಗಾಗುತ್ತದೆ.

ಈ ಪಬ್ಬಿನ ಬಗ್ಗೆ ಬರೆದವರೆಲ್ಲ ಹಂಚು, ಕನ್ನಡಿ, ಹಿತ್ತಾಳೆಗಳನ್ನೇ ಹೊಗಳಿದ್ದಾರೆ. ಕವಿ ಜಾನ್ ಬೆಟ್ಜಮನ್ ಕೂಡ ಇದನ್ನು ಬಹಳ ಮೆಚ್ಚಿಕೊಂಡಿದ್ದರು. ಅವೆಲ್ಲ ಚಂದವೇ. ಆದರೆ ಇಪ್ಪತ್ತು ವರ್ಷ ಹೋಗಿ ಬಂದು ಮಾಡಿದ ಮೇಲೆ ನನಗನ್ನಿಸುವುದು ಬೇರೆ. ಹಳೇ ಪಬ್ಬನ್ನು ಅಳೆಯಬೇಕಾದದ್ದು ಗೋಡೆಯಿಂದಲ್ಲ, ನೆಲಮಾಳಿಗೆಯಿಂದ. ನಾವು ಹೋಟೆಲನ್ನು ಅಡುಗೆಮನೆಯಿಂದ ಅಳೆಯುವುದಿಲ್ಲವೇ, ಹಾಗೆ.

ಆ ನೆಲಮಾಳಿಗೆಯಲ್ಲಿ ಹದಗೊಳ್ಳುವ ರಿಯಲ್ ಏಲ್ ಅನ್ನುವುದು ಜೀವವಿರುವ ಬಿಯರು. ಬ್ರೂವರಿಯಿಂದ ಹೊರಟ ಮೇಲೂ ಪೀಪಾಯಿಯ ಒಳಗೆ ಯೀಸ್ಟ್ ಕೆಲಸ ಮಾಡುತ್ತಲೇ ಇರುತ್ತದೆ. ಉಳಿದ ಸಕ್ಕರೆಯನ್ನು ತಿಂದು ತಾನೇ ಗ್ಯಾಸ್ ಹುಟ್ಟಿಸುತ್ತದೆ. ಸೋಸುವುದಿಲ್ಲ, ಪಾಶ್ಚರೀಕರಿಸುವುದಿಲ್ಲ, ಹೊರಗಿನಿಂದ ಗ್ಯಾಸ್ ತುಂಬಿ ಮೇಲೆ ತಳ್ಳುವುದಿಲ್ಲ. ರುಬ್ಬಿಟ್ಟ ದೋಸೆಹಿಟ್ಟಿನ ಹಾಗೆ ಇದಕ್ಕೂ ಹುದುಗು ಬರಬೇಕು. ಬಂದಾಗ ಬಳಸಬೇಕು, ತಡಮಾಡಿದರೆ ಹುಳಿ.

ಪರಿಚಯದ ಪಬ್ ಮಾಲೀಕರೊಬ್ಬರು ಒಮ್ಮೆ ನನ್ನನ್ನು ತಮ್ಮ ನೆಲಮಾಳಿಗೆಗೆ ಇಳಿಸಿದ್ದರು. ತಣ್ಣಗಿತ್ತು, ಹನ್ನೆರಡು ಡಿಗ್ರಿಯ ಆಸುಪಾಸು. ಅದಕ್ಕಿಂತ ತಣ್ಣಗಾದರೆ ರುಚಿ ಮುಚ್ಚಿಕೊಳ್ಳುತ್ತದೆ, ಬೆಚ್ಚಗಾದರೆ ಕೆಡುತ್ತದೆ. ಅಡ್ಡ ಮಲಗಿಸಿದ ಪೀಪಾಯಿಯ ನೆತ್ತಿಯ ಬಿರಡೆಗೆ ಅವರು ಮರದ ಸಣ್ಣ ಬೆಣೆಯನ್ನು ಕೊಡತಿಯಿಂದ ಒಂದೇಟಿಗೆ ಹೊಡೆದರು. ಉಸ್ಸೆಂದು ಸದ್ದು, ನೊರೆ ಉಕ್ಕಿ ಪಕ್ಕಕ್ಕೆ ಇಳಿಯಿತು. ಅವರು ಬಟ್ಟೆಯಿಂದ ಒರೆಸಿ, ಬಗ್ಗಿ, ಕಿವಿಗೊಟ್ಟು ಕೇಳಿದರು. ಮತ್ತೆ ನೊರೆ. ಮತ್ತೆ ಒರೆಸಿದರು. ಗ್ಯಾಸಿಗೆ ದಾರಿ ಬೇಕಿದ್ದಾಗ ಮೆದು ಮರದ ಬೆಣೆ, ಅದನ್ನು ಹಿಡಿದಿಡಬೇಕಾದಾಗ ಗಟ್ಟಿ ಮರದ್ದು. ಯಾವಾಗ ಯಾವುದು ಎಂಬುದಕ್ಕೆ ಪುಸ್ತಕವಿದೆಯೇ ಎಂದು ಕೇಳಿದೆ. ಪೀಪಾಯಿಯೇ ಹೇಳುತ್ತದೆ ಅಂದರು. ಒಂದು ದಿನ ಅದನ್ನು ಅಲುಗಾಡಿಸದೆ ಬಿಡಬೇಕು. ಯೀಸ್ಟ್ ತಳಕ್ಕೆ ಕೂತ ಮೇಲೆಯೇ ಮೊದಲ ಲೋಟ. ತಳ ಹತ್ತಿರವಾದಾಗ ಹಿಂಬದಿಯನ್ನು ಕೂದಲೆಳೆಯಷ್ಟೇ ಎತ್ತಿ ಗೂಟ ಕೊಡಬೇಕು, ಗಸಿ ಕದಡದ ಹಾಗೆ. ಇಷ್ಟೆಲ್ಲ ಆದ ಮೇಲೆ ಕೌಂಟರಿನಲ್ಲಿ ಕೈಪಂಪಿನ ಹಿಡಿ ಎಳೆಯುವುದು ಕೊನೆಯ ಕೆಲಸ. ಗಿರಾಕಿಗೆ ಕಾಣುವುದು ಅದೊಂದೇ.

ಇಲ್ಲಿ ಉತ್ತರದವರು ಪಂಪಿನ ಮೂತಿಗೆ ಸಣ್ಣ ತೂತುಗಳ ಮುಚ್ಚಳವೊಂದನ್ನು ತಿರುಪಿರುತ್ತಾರೆ, ಸ್ಪಾರ್ಕ್ಲರ್ ಅನ್ನುತ್ತಾರೆ. ಬಿಯರು ಅದರ ಮೂಲಕ ಚಿಮ್ಮಿ ಮೇಲೆ ಕೆನೆಯಂಥ ನೊರೆ ಕಟ್ಟುತ್ತದೆ. ದಕ್ಷಿಣ ಇಂಗ್ಲೆಂಡಿನವರಿಗೆ ಇದು ಕಂಡರಾಗದು, ಬಿಯರಿನ ಕಸುವೆಲ್ಲ ಹೊಡೆದೋಡಿಸುತ್ತದೆ ಅನ್ನುತ್ತಾರೆ. ನನ್ನ ಮಟ್ಟಿಗೆ ಮಾಲ್ಟಿನ ಸೊಗಸೇ ಮುಂದಾಗಿರುವ ಬಿಟರ್ ಎಂಬ ಯಾರ್ಕ್‌ಶೈರ್ ಏಲಿಗೆ ಇದು ಹೇಳಿ ಮಾಡಿಸಿದ್ದು. ಹೊಸ ಕಾಲದ, ಹಾಪ್ಸಿನ ಪರಿಮಳವನ್ನೇ ನೆಚ್ಚಿದ ಬಿಯರುಗಳಿಗೆ ಇದರಿಂದ ನಷ್ಟವಾಗುವುದೂ ನಿಜ. ಒಳ್ಳೆಯ ಪಬ್ಬಿನವರು ಬಿಯರು ನೋಡಿ ಹಾಕುತ್ತಾರೆ, ತೆಗೆಯುತ್ತಾರೆ.

ಇಂಥ ಬಿಯರು 1970ರ ಹೊತ್ತಿಗೆ ಕಣ್ಮರೆಯಾಗುವುದರಲ್ಲಿತ್ತು. ದೊಡ್ಡ ಕಂಪನಿಗಳು ಸೋಸಿ, ಕಾಯಿಸಿ, ಗ್ಯಾಸ್ ತುಂಬಿದ ಕೆಗ್ ಬಿಯರನ್ನು ಎಲ್ಲೆಡೆ ಹರಡುತ್ತಿದ್ದವು. ಅದಕ್ಕೆ ನೆಲಮಾಳಿಗೆಯ ಕೈಚಳಕ ಬೇಕಿಲ್ಲ, ಕೆಡುವ ಭಯವೂ ಅಷ್ಟಿಲ್ಲ. 1971ರಲ್ಲಿ ನಾಲ್ವರು ಯುವಕರು ಸೇರಿ ರಿಯಲ್ ಏಲ್ ಉಳಿಸಲು ಕ್ಯಾಮ್ರಾ ಎಂಬ ಚಳವಳಿ ಹುಟ್ಟುಹಾಕಿದರು. ಗಿರಾಕಿಗಳೇ ಎದ್ದು ನಿಂತು ಒಂದು ಕಸುಬನ್ನು ಉಳಿಸಿಕೊಂಡ ಇಂಥ ಉದಾಹರಣೆ ಅಪರೂಪ. ಆದರೂ ಒಂದು ತಕರಾರು ನನ್ನಲ್ಲಿದೆ. ಚಳವಳಿಯ ಹುರುಪಿನಲ್ಲಿ ಪಂಪುಗಳ ಸಂಖ್ಯೆಯೇ ಪ್ರತಿಷ್ಠೆಯಾಯಿತು. ಲೆಕ್ಕ ಹಾಕಿ ನೋಡಿ. ಸಾಮಾನ್ಯ ಪೀಪಾಯಿ ಒಂಬತ್ತು ಗ್ಯಾಲನ್, ಅಂದರೆ 72 ಪೈಂಟ್. ತೆರೆದ ಮೇಲೆ ಗಾಳಿ ಒಳಗೆ ಸೇರುವುದರಿಂದ ಮೂರು ದಿನದಲ್ಲಿ ಖಾಲಿಯಾಗಬೇಕು. ಒಂದು ಪಂಪಿಗೆ ದಿನಕ್ಕೆ 24 ಪೈಂಟ್. ಎಂಟು ಪಂಪಿದ್ದರೆ 192. ಮಳೆ ಹಿಡಿದ ಮಂಗಳವಾರ ಅಷ್ಟು ಜನ ಎಲ್ಲಿಂದ ಬರಬೇಕು?

ಇದರ ಫಲ ನಾನು ಉಂಡಿದ್ದೇನೆ. ಇದೇ ನಗರದ ಬೇರೊಂದು ಪಬ್ಬಿನಲ್ಲಿ, ನನಗೆ ಚೆನ್ನಾಗಿ ಗೊತ್ತಿದ್ದ ಬಿಯರೇ ವಿನೆಗರಿನಂತೆ ಮೂಗಿಗೆ ಹೊಡೆಯಿತು. ವಾಪಸ್ ಕೊಟ್ಟೆ. ಕೌಂಟರಿನ ಹುಡುಗ, ರಿಯಲ್ ಏಲ್ ಅಂದರೆ ಹೀಗೇ ಇರುತ್ತದೆ ಅಂದ. ನನಗೆ ನಿಜಕ್ಕೂ ಸಂಕಟವಾಯಿತು. ಪಕ್ಕದಲ್ಲಿ ನಿಂತವರು ಅದೇ ಮೊದಲ ಸಲ ಏಲ್ ಕುಡಿಯುತ್ತಿದ್ದವರಾಗಿದ್ದರೆ ಆ ಮಾತನ್ನು ನಂಬಿ ಜನ್ಮದಲ್ಲಿ ಮತ್ತೆ ಮುಟ್ಟುತ್ತಿರಲಿಲ್ಲ. ಕೆಟ್ಟ ಲೋಟವನ್ನು ಚಕಾರವೆತ್ತದೆ ಬದಲಿಸಿಕೊಡುವುದು ಈ ಕಸುಬಿನ ಹಳೇ ಮರ್ಯಾದೆ. ಕ್ಯಾಮ್ರಾದಂಥ ಸಂಘಟನೆ ಪೀಪಾಯಿಯೊಳಗಿನ ಬಿಯರಿನ ವ್ಯಾಖ್ಯೆಗಾಗಿ ಹೋರಾಡಿದಷ್ಟೇ ಹಟದಿಂದ ‘ಪಂಪು ಕಡಿಮೆ ಮಾಡಿ’ ಎಂದು ಹೇಳಿದ್ದರೆ ಕಸುಬಿಗೆ ಹೆಚ್ಚು ಲಾಭವಾಗುತ್ತಿತ್ತು.

ಇನ್ನೊಂದು ವಿಷಯ ನಮ್ಮಂಥವರಿಗೆ ಮುಖ್ಯವಾದದ್ದು. ಏಲ್ ಬೇಗ ತಿಳಿಯಾಗಲೆಂದು ಪೀಪಾಯಿಗೆ ಐಸಿಂಗ್ಲಾಸ್ ಸೇರಿಸುವ ರೂಢಿಯಿದೆ. ಅದು ಮೀನಿನ ಗಾಳಿಚೀಲದಿಂದ ತೆಗೆದದ್ದು. ಬಹುಪಾಲು ಯೀಸ್ಟಿನ ಜೊತೆ ತಳದಲ್ಲೇ ಉಳಿಯುತ್ತದೆಂಬುದು ಸರಿ. ಆದರೆ ಮೊಟ್ಟೆಯನ್ನೂ ಮುಟ್ಟದ ಮನೆಯಿಂದ ಬಂದ ನನಗೆ ಇದು ತಿಳಿದದ್ದು ಮೂರನೇ ವರ್ಷದಲ್ಲಿ, ಅದೂ ಆಕಸ್ಮಿಕವಾಗಿ. ಆ ಸಂಜೆ ಲೋಟ ಹಾಗೇ ಬಿಟ್ಟು ಎದ್ದು ಬಂದೆ. ಈಗೀಗ ಐಸಿಂಗ್ಲಾಸ್ ಇಲ್ಲದೆ, ಸ್ವಲ್ಪ ಮಬ್ಬಾಗಿಯೇ ಬಿಡುವ ಬ್ರೂವರಿಗಳು ಹೆಚ್ಚಿವೆ. ನಾನು ಕೇಳಿಯೇ ಕೊಳ್ಳುತ್ತೇನೆ. ಕೇಳಬೇಕಾಗಿ ಬರಬಾರದು, ಪಂಪಿನ ಮೇಲೇ ಬರೆದಿರಬೇಕು.

2007ರ ಜುಲೈ 1ರಂದು ಇಂಗ್ಲೆಂಡಿನ ಪಬ್ಬುಗಳಲ್ಲಿ ಸಿಗರೇಟು ನಿಂತಿತು. ಅದೇ ದಿನ ಕರ್ನಾಟಕದಲ್ಲಿ ಸಾರಾಯಿ ನಿಷೇಧ ಜಾರಿಗೆ ಬಂತು. ಫೋನಿನಲ್ಲಿ ಅಮ್ಮ ಊರ ಕೊನೆಯ ಸಾರಾಯಿ ಅಂಗಡಿಗೆ ಬೀಗ ಬಿದ್ದದ್ದನ್ನು ಹೇಳಿದರು. ದನಿಯಲ್ಲಿ ನೆಮ್ಮದಿಯಿತ್ತು. ಆ ಅಂಗಡಿ ನಮ್ಮ ಬೀದಿಯಲ್ಲೇ ಎಷ್ಟು ಮನೆ ಮುರಿದಿತ್ತೆಂದು ನಾನು ಕಣ್ಣಾರೆ ಕಂಡವನು. ಹಾಗಾಗಿ ಕುಡಿತವನ್ನು ಹೊಗಳಲು ನನ್ನಿಂದಾಗದು. ಈ ದೇಶದಲ್ಲೂ ಅದರಿಂದ ಹಾಳಾದ ಮನೆಗಳಿವೆ. ವೈಟ್‌ಲಾಕ್ಸಿನಲ್ಲಿ ನಾನು ಬೆಲೆ ಕಟ್ಟುವುದು ಒಂದು ಲೋಟದ ಮುಂದೆ ಒಂದು ಗಂಟೆ ಕೂರಲು ಸಿಗುವ ಬಿಡುವಿಗೆ, ಅಪರಿಚಿತರ ಜೊತೆ ಬೆಂಚು ಹಂಚಿಕೊಳ್ಳುವ ರೀತಿಗೆ.

2009ರ ಬೇಸಿಗೆಯಲ್ಲಿ ಅಪ್ಪ ಬಂದಿದ್ದರು. ಬಾಳಿನಲ್ಲಿ ಹೆಂಡದಂಗಡಿಯ ಹೊಸ್ತಿಲು ತುಳಿಯದವರು. ಮಳೆ ಜೋರಾದಾಗ ಹಿಂಜರಿಯುತ್ತಲೇ ಕರೆದುಕೊಂಡು ಹೋದೆ. ಕಿತ್ತಳೆ ರಸದ ಲೋಟ ಹಿಡಿದು ಗೋಡೆ ಬದಿಯ ಬೆಂಚಿನಲ್ಲಿ ಕೂತು ಸುಮಾರು ಹೊತ್ತು ಸುತ್ತ ನೋಡಿದರು. ‘ಕುಡಿಯೋ ಜಾಗ ಅಂದ್ಯಲ್ಲೋ, ಇಲ್ಲಿ ಎಲ್ಲಾ ಮಾತಾಡ್ತಾ ಕೂತವ್ರೆ’ ಅಂದರು. ಪಕ್ಕದಲ್ಲಿದ್ದ ಮುದುಕರು ಯಾವೂರು ಎಂದು ವಿಚಾರಿಸಿದರು. ಬೆಂಗಳೂರಿನ ಕಡೆ ಎಂದದ್ದೇ ತಡ, ‘ದ್ರಾವಿಡ್!’ ಅಂತ ಮೇಜು ತಟ್ಟಿದರು. 2002ರ ಆಗಸ್ಟಿನಲ್ಲಿ ಇದೇ ಊರಿನ ಹೆಡಿಂಗ್ಲಿ ಮೈದಾನದಲ್ಲಿ, ಮೋಡ ಕವಿದ ಮೊದಲ ದಿನ, ಚೆಂಡು ಎರ್ರಾಬಿರ್ರಿ ತಿರುಗುತ್ತಿದ್ದಾಗ ದ್ರಾವಿಡ್ ನಿಂತು ಆಡಿ ತಮ್ಮ 148ಕ್ಕೆ ಅಡಿಪಾಯ ಹಾಕಿದರಲ್ಲ, ಆವತ್ತು ಅವರು ಸ್ಟ್ಯಾಂಡಿನಲ್ಲಿದ್ದರಂತೆ. ತೆಂಡೂಲ್ಕರರ 193ಕ್ಕಿಂತ ಆ 148 ದೊಡ್ಡದು ಎಂಬುದು ಅವರ ವಾದ. ಅಪ್ಪನ ಇಂಗ್ಲಿಷ್ ಅಷ್ಟಕ್ಕಷ್ಟೇ, ಆ ಮುದುಕರ ಯಾರ್ಕ್‌ಶೈರ್ ನುಡಿ ನನಗೇ ಅರ್ಧ ತಿಳಿಯುತ್ತಿರಲಿಲ್ಲ. ಇಬ್ಬರೂ ಕೈಯಲ್ಲೇ ಬ್ಯಾಟು ಹಿಡಿದು, ಚೆಂಡನ್ನು ಹೇಗೆ ಬಿಟ್ಟರು, ಹೇಗೆ ತಡೆದರು ಎಂದು ಮುಕ್ಕಾಲು ಗಂಟೆ ಆಡಿದರು.

2011ರಲ್ಲಿ ಟೆಟ್ಲಿ ಬ್ರೂವರಿ ಮುಚ್ಚಿತು. 1822ರಿಂದ ನದಿಯಾಚೆ ದಂಡೆಯಲ್ಲಿದ್ದು, ಲೀಡ್ಸಿನ ಬಿಟರ್ ಅಂದರೆ ಟೆಟ್ಲಿ ಅನ್ನುವಂತಿತ್ತು. ಗಾಳಿ ಈ ಕಡೆ ಬೀಸಿದ ದಿನ ಊರಿಡೀ ಬೇಯುವ ಮಾಲ್ಟಿನ ವಾಸನೆ. ಅದೇ ಹೆಸರಿನ ಬಿಯರು ಬೇರೆ ಕಡೆ ತಯಾರಾಗತೊಡಗಿತು, ಹಳೇ ಕಚೇರಿ ಕಟ್ಟಡ ಕೆಲವು ವರ್ಷ ಕಲಾ ಗ್ಯಾಲರಿಯಾಗಿತ್ತು. ವೈಟ್‌ಲಾಕ್ಸಿನ ಹಂಚಿಗೆ ಕಾನೂನಿನ ರಕ್ಷಣೆಯಿದೆ, ಅನುಮತಿಯಿಲ್ಲದೆ ಒಂದನ್ನೂ ಕೀಳುವ ಹಾಗಿಲ್ಲ. ಊರ ಗಾಳಿಯಲ್ಲಿದ್ದ ವಾಸನೆಯನ್ನು ಯಾವ ಸಂರಕ್ಷಣಾ ಪಟ್ಟಿಗೂ ಸೇರಿಸಲು ಬರುವುದಿಲ್ಲ. ಆ ಹೊತ್ತಿನಿಂದೀಚೆಗೆ ಕರ್ಕ್‌ಸ್ಟಾಲ್, ನಾರ್ದರ್ನ್ ಮಂಕ್‌ನಂಥ ಹೊಸ ಬ್ರೂವರಿಗಳು ಲೀಡ್ಸಿನಲ್ಲೇ ಎದ್ದುಬಂದವು. ಅವುಗಳ ಕೆಲಸ ಚೆನ್ನಾಗಿದೆ. ಆದರೂ ಟೆಟ್ಲಿಯಂತೆ ಇಡೀ ಊರು ತನ್ನದು ಅಂದುಕೊಂಡ ಬಿಯರು ಈಗಿಲ್ಲ.

2020ರ ಮಾರ್ಚ್ 20ರ ರಾತ್ರಿ ಕೋವಿಡ್ಡಿನಿಂದಾಗಿ ದೇಶದ ಪಬ್ಬುಗಳೆಲ್ಲ ಮುಚ್ಚಿದವು. ಕೆಗ್ಗಾದರೂ ಕೆಲವು ವಾರ ತಡೆದೀತು. ತೆರೆದ ಪೀಪಾಯಿ ವಾರ ಕೂಡ ತಡೆಯದು. ನನ್ನ ಪರಿಚಯದ ಆ ಮಾಲೀಕರು ಹದಿಮೂರು ಪೀಪಾಯಿ ಚರಂಡಿಗೆ ಸುರಿದದ್ದನ್ನು ಹೇಳುವಾಗ ಮಾತು ನಿಲ್ಲಿಸಿ ಬೇರೆ ಕಡೆ ನೋಡಿದರು. ಮರುವರ್ಷ ಏಪ್ರಿಲಿನಲ್ಲಿ ಹೊರಾಂಗಣಕ್ಕೆ ಮಾತ್ರ ಅನುಮತಿ ಸಿಕ್ಕಾಗ ಟರ್ಕ್ಸ್ ಹೆಡ್ ಯಾರ್ಡಿನ ಉದ್ದ ಅಂಗಳದಲ್ಲಿ ಕೋಟು, ಟೋಪಿ, ಕೈಗವಸು ಹಾಕಿಕೊಂಡು ಕೂತೆವು. ಬೆರಳು ಸೆಟೆದಿದ್ದವು. ಯಾರೂ ಎದ್ದು ಹೋಗಲಿಲ್ಲ.

ಈಗ ಪೈಂಟಿನ ಬೆಲೆ ಐದು ಪೌಂಡಿನ ಆಸುಪಾಸಿಗೆ ಬಂದಿದೆ. ಮೊದಲ ಸಂಜೆ ಎರಡು ಪೌಂಡು ಚಿಲ್ಲರೆ ಕೊಟ್ಟಿದ್ದೆ. ಪತ್ರಿಕೆ ಮಡಿಚಿಟ್ಟುಕೊಂಡು ಕೂರುತ್ತಿದ್ದ ಮುದುಕರು ವಿರಳ. ಶನಿವಾರ ಫೋನು ಎತ್ತಿ ಹಿಡಿದವರ ನೂಕುನುಗ್ಗಲು, ಆ ಇಕ್ಕಟ್ಟಿನಲ್ಲಿ ಲೋಟ ಚೆಲ್ಲದೆ ಬೆಂಚು ಸೇರುವುದೇ ಸಾಹಸ. ಶನಿವಾರ ನಾನು ಹೋಗುವುದಿಲ್ಲ. ಆದರೆ ಆ ಗುಂಪಿನ ಮೇಲೆ ನನಗೆ ಬೇಸರವಿಲ್ಲ. ಹಂಚಿನ ಫೋಟೊಗೆಂದು ಬಂದವರು ಒಂದು ಪೈಂಟ್ ಕೊಂಡರೂ ಪೀಪಾಯಿ ಒಂದು ಪೈಂಟ್ ಕೆಳಗಿಳಿಯುತ್ತದೆ, ಭಾನುವಾರ ಹೋದ ನನಗೆ ತಾಜಾ ಸಿಗುತ್ತದೆ.

ಹೋದ ತಿಂಗಳು ಒಂದು ಬುಧವಾರ ಮಧ್ಯಾಹ್ನ ಮೂರರ ಸುಮಾರಿಗೆ ಹೋಗಿದ್ದೆ. ಒಳಗೆ ಏಳೆಂಟು ಜನ. ಪಂಪಿನ ಹಿಡಿಗೆ ಸಿಕ್ಕಿಸಿದ ಬಿಲ್ಲೆಗಳನ್ನು ಓದಿ ಒಂದನ್ನು ಕೇಳಿದೆ. ಕೌಂಟರಿನ ಹುಡುಗಿ ಎಳೆದಳು. ಅರ್ಧ ಲೋಟ ತುಂಬಿತು, ಇನ್ನೊಮ್ಮೆ ಎಳೆದಾಗ ಮೂತಿ ಗೊರಗೊರ ಸದ್ದು ಮಾಡಿ ನೊರೆಯಷ್ಟೇ ಉಗುಳಿತು. ಪೀಪಾಯಿ ಮುಗಿದಿತ್ತು. ಅವಳು ಆ ಲೋಟ ಚೆಲ್ಲಿ, ಮುಗಿದ ಬಿಯರಿಗೆ ಇಲ್ಲಿ ಮಾಡುವ ಹಾಗೆ ಬಿಲ್ಲೆಯನ್ನು ಹಿಂದುಮುಂದಾಗಿ ತಿರುಗಿಸಿಟ್ಟಳು. ‘ಸಾರಿ, ಲವ್. ಇನ್ನೊಂದು ನಿನ್ನೆಯಿಂದ ಕೂತಿದೆ, ರೆಡಿಯಾಗಿದೆ. ಐದು ನಿಮಿಷ ಕಾಯ್ತೀರಾ?’ ಅಂದಳು. ವಾರದ ನಡುವೆ, ಮಧ್ಯಾಹ್ನದ ಹೊತ್ತಿನಲ್ಲಿ, ಪೀಪಾಯಿಯೊಂದು ಕೆಡುವ ಮೊದಲೇ ಮುಗಿದಿತ್ತು. ಕಾಯುತ್ತೇನೆ ಅಂದೆ. ಅವಳು ನೆಲಮಾಳಿಗೆಗೆ ಇಳಿದಳು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಕೊಡತಿಯ ಏಟು ಕೇಳಿಸಿತು.