ನಿದ್ದೆ ಬಾರದ ಸುಲ್ತಾನ

ಬಿ.ಇ. ಓದುವಾಗ ಗಿರೀಶ ಕಾರ್ನಾಡರ 'ತುಘಲಕ್' ಮೊದಲ ಸಲ ಓದಿದೆ. 1964ರ ನಾಟಕ. ರೂಮ್‌ಮೇಟ್ ಬಿ.ಎ. ಓದ್ತಿದ್ದ, ಅವನ ಗೈಡಿನಲ್ಲಿ ಒಂದು ಪಟ್ಟಿ ಇತ್ತು: ಗುಲಾಬಿ ತೋಟ ಅಂದ್ರೆ ಆದರ್ಶ, ಪ್ರಾರ್ಥನೆ ಅಂದ್ರೆ ಧರ್ಮ, ಚದುರಂಗ ಅಂದ್ರೆ ರಾಜಕೀಯ. ನಾನೂ ನಂಬಿದ್ದೆ.

ಮೊನ್ನೆ ಮತ್ತೆ ಓದಿದಾಗ ಆ ಪಟ್ಟಿ ನಿಲ್ಲಲಿಲ್ಲ. ಕಾರ್ನಾಡರು ಅದೇ ಪ್ರತಿಮೆಯನ್ನು ಮತ್ತೆ ಮತ್ತೆ ತರುತ್ತಾರೆ. ಬರುವಷ್ಟರಲ್ಲಿ ಅದು ಕೆಟ್ಟಿರುತ್ತದೆ. ದುರಂತ ಇರೋದೇ ಅಲ್ಲಿ.

ಪ್ರಾರ್ಥನೆಯನ್ನೇ ನೋಡಿ. ದಿನಕ್ಕೆ ಐದು ಸಲ ಪ್ರಾರ್ಥನೆ ಕಡ್ಡಾಯ ಮಾಡಿದ ದೊರೆಯನ್ನು ಪ್ರಾರ್ಥನೆಯ ಹೊತ್ತಲ್ಲೇ ಕೊಲ್ಲೋಕೆ ಅಮೀರರು ಸಂಚು ಮಾಡ್ತಾರೆ. ಸಂಚು ಮುರಿದ ಮೇಲೆ ಅವನು ಶಿಹಾಬುದ್ದೀನನನ್ನು ತನ್ನ ಕೈಯಾರೆ ಇರಿದು ಕೊಲ್ಲುತ್ತಾನೆ, ಆಮೇಲೆ ಪ್ರಾರ್ಥನೆಯನ್ನೇ ನಿಷೇಧಿಸುತ್ತಾನೆ. ಇದಕ್ಕೆ ಗೈಡ್ ಬೇಕಾ?

ಗುಲಾಬಿ ತೋಟದ ವಿಷಯದಲ್ಲಿ ಮಾತ್ರ ನನ್ನದೊಂದು ತಕರಾರು. ಸಾದಿಯ ಕವಿತೆಗಳ ನೆನಪಲ್ಲಿ ಮಾಡಿಸಿದ ತೋಟಕ್ಕೆ ಕೊನೆಗೆ ಖೋಟಾ ತಾಮ್ರದ ನಾಣ್ಯಗಳ ರಾಶಿ ಬಂದು ಬೀಳುತ್ತದೆ. ಅಷ್ಟು ಸಾಕಿತ್ತು. ಆದರೆ ಅದರ ಅರ್ಥವನ್ನು ಸುಲ್ತಾನನೇ ಮಲತಾಯಿಗೆ ಬಿಡಿಸಿ ಹೇಳುತ್ತಾನೆ. ಕೋಡಿನ ಪ್ರತಿ ಸಾಲಿಗೂ ಕಾಮೆಂಟ್ ಬರೆಯೋ ಸಹೋದ್ಯೋಗಿ ನೆನಪಾದ. ತನ್ನ ಸೋಲನ್ನೂ ವ್ಯಾಖ್ಯಾನಿಸೋ ಚಟ ತುಘಲಕನದು ಅಂತ ನೀವು ಸಮರ್ಥಿಸಬಹುದು. ಅರ್ಧ ಒಪ್ಪುತ್ತೇನೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ನಿದ್ದೆ. ಮಗ ರಾತ್ರಿ ಮಲಗೋದಿಲ್ಲ ಅಂತ ಮಲತಾಯಿಗೆ ಶುರುವಿನಿಂದಲೇ ಕೊರಗು. ಅವನಿಗೋ ಅದೇ ಹೆಮ್ಮೆ. ನಾಡು ಕಟ್ಟೋನಿಗೆ ನಿದ್ದೆ ಯಾಕೆ? ಹೋಗ್ತಾ ಹೋಗ್ತಾ ಆ ಎಚ್ಚರವೇ ಕಾಯಿಲೆಯಾಗುತ್ತದೆ. ನಜೀಬನನ್ನು ಕೊಲ್ಲಿಸಿದ್ದು ಮಲತಾಯಿಯೇ ಅಂತ ತಿಳಿದಾಗ, ತನ್ನ ನಿದ್ದೆಗಾಗಿ ಕೊರಗಿದವಳನ್ನೇ ಕಲ್ಲು ಹೊಡೆಸಿ ಕೊಲ್ಲಲು ಹೇಳುತ್ತಾನೆ. ಕೊನೆಗೆ, ವರ್ಷಗಳ ನಿಷೇಧದ ನಂತರ ಪ್ರಾರ್ಥನೆಯ ಕರೆ ಕೇಳಿಸುವಾಗ ಸುಲ್ತಾನ ಕೂತಲ್ಲೇ ನಿದ್ದೆಹೋಗಿರುತ್ತಾನೆ. ಕಣ್ಣು ಬಿಟ್ಟರೆ, ಎಲ್ಲಿದ್ದೇನೆ ಅಂತಲೇ ತಿಳಿಯದ ದಿಗಿಲು. ಪ್ರಾರ್ಥನೆ, ನಿದ್ದೆ ಎರಡೂ ಒಟ್ಟಿಗೆ ವಾಪಸ್ ಬಂದಿವೆ. ಎರಡೂ ಅವನಿಗೆ ದಕ್ಕೋದಿಲ್ಲ. ಇದನ್ನು ಮಾತ್ರ ಯಾರೂ ಬಿಡಿಸಿ ಹೇಳೋದಿಲ್ಲ. ನಾಟಕದ ಅತಿ ದೊಡ್ಡ ಗಳಿಗೆ ಇದೇ ಅಂತ ನನಗನ್ನಿಸುತ್ತದೆ.

ರಿಲೀಸ್ ಇದ್ದ ವಾರ ಮೂರು ರಾತ್ರಿ ಮಲಗದೆ, ಅದನ್ನು ಟೀಮಿನೆದುರು ಪದಕದ ಹಾಗೆ ತೋರಿಸಿಕೊಂಡವನು ನಾನು. ಊರಿಂದ ಅವ್ವ ಫೋನ್ ಮಾಡಿ 'ನಿದ್ದಿ ಮಾಡಿದ್ಯೇನೋ?' ಅಂದರೆ 'ನಿಂಗ ತಿಳಿಯಂಗಿಲ್ಲ ಬಿಡವ್ವ' ಅಂತಿದ್ದೆ. ತುಘಲಕನದೂ ಹೆಚ್ಚುಕಮ್ಮಿ ಇದೇ ಉತ್ತರ.

ಈ ಸಲ ಪುಸ್ತಕ ಮುಚ್ಚಿಟ್ಟು ನಾನೇ ಫೋನ್ ಮಾಡಿದೆ. ರಾತ್ರಿ ಹನ್ನೊಂದಾಗಿತ್ತು.

'ಇನ್ನೂ ಮಲಗಿಲ್ಲೇನೋ?' ಅಂತ ಬೈದಳು.