ಗಣಿತಸಾರಸಂಗ್ರಹದಲ್ಲಿ ಶೇಷವಿಚಾರ

ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ಕ್ರಿ.ಶ. 850ರ ಸುಮಾರಿಗೆ ರಚಿಸಿದ ‘ಗಣಿತಸಾರಸಂಗ್ರಹ’ವನ್ನು ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಆಂಗ್ಲಾನುವಾದದೊಡನೆ ಪ್ರಕಟಿಸಿದರು. ಅದರ ಮಿಶ್ರಕವ್ಯವಹಾರದಲ್ಲಿನ ಕುಟ್ಟೀಕಾರದ ಲೆಕ್ಕವೊಂದು ಪಾಠಶೋಧಕರ ಪರಿಶೀಲನೆಗೆ ಅರ್ಹವಾಗಿದೆ. ಬಾಳೆಹಣ್ಣಿನ 63 ಸಮರಾಶಿಗಳಿಗೆ 7 ಬಿಡಿಹಣ್ಣುಗಳನ್ನು ಕೂಡಿಸಿ 23 ಪಥಿಕರಿಗೆ ಶೇಷವುಳಿಯದಂತೆ ಹಂಚಿದೆ, ರಾಶಿಯೊಂದರ ಹಣ್ಣೆಷ್ಟು? ಕನಿಷ್ಠ ಉತ್ತರ 5; ಒಟ್ಟು 322, ಒಬ್ಬೊಬ್ಬರಿಗೆ 14.

ಲಿಪಿಕಾರನು ಏಳನ್ನು ಆರೆಂದು ಬರೆದನೆಂದು ಭಾವಿಸೋಣ. ಆಗಲೂ ಲೆಕ್ಕ ಕೂಡುತ್ತದೆ: ರಾಶಿಗೆ 1, ಒಟ್ಟು 69, ಒಬ್ಬೊಬ್ಬರಿಗೆ 3. ಒಂದೇ ಹಣ್ಣು ರಾಶಿಯಾಗದೆಂದು ವ್ಯವಹಾರಬುದ್ಧಿ ತಡೆದರೆ ಮುಂದಿನ ಉತ್ತರ 24 ಸಿದ್ಧವಾಗಿದೆ. 63 ಮತ್ತು 23ಕ್ಕೆ ಒಂದನ್ನುಳಿದು ಸಾಮಾನ್ಯ ಭಾಜಕವಿಲ್ಲದ ಕಾರಣ ಬಿಡಿಹಣ್ಣು ಎಷ್ಟಿದ್ದರೂ ಉತ್ತರವುಂಟು. ಆದುದರಿಂದ ಲೆಕ್ಕ ಸರಿಹೋಯಿತೆಂಬ ಮಾತ್ರಕ್ಕೆ ಪಾಠ ಶುದ್ಧವೆನ್ನಲಾಗದು. ಪ್ರತ್ಯಂತರ, ಛಂದಸ್ಸು, ವ್ಯಾಖ್ಯಾನಗಳ ಸಾಕ್ಷ್ಯವೂ ಬೇಕು.

ಇನ್ನು ಅರ್ಥನಿರ್ಣಯ. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ 100 ಹಣ್ಣುಗಳನ್ನು ಪೆಟ್ಟಿಗೆಗೆ 12ರಂತೆ ತುಂಬಿದರೆ 8 ಪೆಟ್ಟಿಗೆ ತುಂಬಿ 4 ಹಣ್ಣು ಉಳಿಯುತ್ತವೆ. ತುಂಬಿದ ಪೆಟ್ಟಿಗೆಗಳನ್ನಷ್ಟೇ ಮಾರುವವನಿಗೆ ಉತ್ತರ 8. ಎಲ್ಲ ಹಣ್ಣನ್ನೂ ಕೋಲಾರಕ್ಕೆ ಸಾಗಿಸುವವನಿಗೆ 9. ಅದೇ 100 ಹಣ್ಣನ್ನು 12 ಮಂದಿ ಸಮನಾಗಿ ಹಂಚಿಕೊಂಡರೆ ತಲೆಗೆ ಎಂಟೂ ಮೂರನೆಯ ಒಂದು ಪಾಲು. ಭಾಗಾಕಾರ ಒಂದೇ, ಶೇಷವೂ ಒಂದೇ. ಅದರ ಗತಿಯನ್ನು ನಿರ್ಣಯಿಸುವುದು ಪ್ರಶ್ನೆಯ ಸಂದರ್ಭ. ಪದ್ಯದ ಕಥನಭಾಗವನ್ನು ಅಲಂಕಾರವೆಂದು ಬದಿಗಿರಿಸಿ ಅಂಕಿಗಳನ್ನಷ್ಟೇ ಟಿಪ್ಪಣಿಗೆ ಎತ್ತಿಕೊಳ್ಳುವ ಸಂಪಾದನಕ್ರಮವು ಈ ಕಾರಣದಿಂದ ಅಪೂರ್ಣವೆನಿಸುತ್ತದೆ.