ಬೋರ್ ನೀರು, ಬೆನ್ನುಮೂಳೆ: ಒಂದು ಡಿಸ್ಚಾರ್ಜ್ ಚೀಟಿಗೆ ವ್ಯಾಖ್ಯಾನ

ಬೆಂಗಳೂರಿನಿಂದ ಬಂದ ರೈಲು ಹಿಂದೂಪುರದಲ್ಲಿ ನಿಂತಾಗ, ದೊಡ್ಡ ಎಕ್ಸ್‌ರೇ ಕವರನ್ನು ಎದೆಗವಚಿಕೊಂಡು ಇಳಿಯುವವರು ಒಬ್ಬಿಬ್ಬರಾದರೂ ಕಣ್ಣಿಗೆ ಬೀಳುತ್ತಾರೆ. ಕವರಿನೊಳಗೆ ಫಿಲ್ಮು, ಬಿಲ್ಲು, ಮಾತ್ರೆಯ ಪಟ್ಟಿ, ಜೊತೆಗೆ ಡಿಸ್ಚಾರ್ಜ್ ಚೀಟಿ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಚೀಟಿಯಲ್ಲಿ ಇಂಗ್ಲಿಷು. "ಇದ್ರಾಗೆ ಏನು ಬರ್ದವ್ರೆ, ಒಸಿ ಓದಿ ಹೇಳಣ್ಣ" ಎಂದು ಅದನ್ನು ಮೇಷ್ಟರ ಮುಂದೆಯೋ ಔಷಧಿ ಅಂಗಡಿಯವರ ಮುಂದೆಯೋ ಹಿಡಿಯುತ್ತಾರೆ. ಓದಿ ಹೇಳುವವರಿಗೂ ಅರ್ಧ ಅರ್ಥವಾಗುವುದಿಲ್ಲ.

ಅಂಥ ಒಂದು ಚೀಟಿಯನ್ನು ಸಾಲು ಸಾಲಾಗಿ ಬಿಡಿಸಿ ಹೇಳುವ ಪ್ರಯತ್ನ ಇದು. ಇಲ್ಲಿರುವ ಸಾಲುಗಳು ಯಾವೊಬ್ಬ ರೋಗಿಯವೂ ಅಲ್ಲ. ಕುಡಿಯುವ ನೀರಿನ ಫ್ಲೋರೈಡ್ ಮೂಳೆಯಲ್ಲಿ ತುಂಬಿಕೊಂಡು ಬರುವ ಫ್ಲೋರೋಸಿಸ್‌ನಿಂದ ಬೆನ್ನುಹುರಿ ಒತ್ತಿ ಆಪರೇಷನ್ ಮಾಡಿಸಿಕೊಂಡವರ ಚೀಟಿಗಳಲ್ಲಿ ಹೇಗೆ ಬರೆದಿರುತ್ತಾರೋ ಹಾಗೆ ನಾನೇ ಜೋಡಿಸಿದ ಮಾದರಿ. ಲೋಕದ ವೈದ್ಯಕೀಯ ಪತ್ರಿಕೆಗಳಿಗೆ ಇದು ಅಪರೂಪದ ಕೇಸು. ಲಂಡನ್ನಿನ ಶಸ್ತ್ರವೈದ್ಯರೊಬ್ಬರು ಇಡೀ ವೃತ್ತಿಜೀವನದಲ್ಲಿ ಒಂದನ್ನೂ ನೋಡದೆ ನಿವೃತ್ತರಾಗಬಹುದು. ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗ, ಇತ್ತ ಪಾವಗಡದ ಸೀಮೆಯಲ್ಲಿ ಮಾತ್ರ ಬೆನ್ನು ಬಿಗಿದ ಮುದುಕರನ್ನು ಯಾರೂ ಅಪರೂಪ ಎನ್ನುವುದಿಲ್ಲ.

"ವಯಸ್ಸು 55, ರೈತ. ಮೂರು ವರ್ಷದಿಂದ ಎರಡೂ ಕಾಲು ಬಿಗಿತ, ನಡಿಗೆಗೆ ತೊಂದರೆ."

ಇದರಲ್ಲಿ ಎಲ್ಲಕ್ಕಿಂತ ದುಬಾರಿಯಾದ ಮಾತು "ಮೂರು ವರ್ಷದಿಂದ" ಎಂಬುದು. ಮೊದಲ ವರ್ಷ ವಾಯು ಎಂದುಕೊಂಡು ಎಣ್ಣೆ ತಿಕ್ಕಿರುತ್ತಾರೆ, ಎರಡನೆಯ ವರ್ಷ ನೋವಿನ ಇಂಜೆಕ್ಷನ್ ಹಾಕಿಸಿಕೊಂಡಿರುತ್ತಾರೆ, ಮೂರನೆಯ ವರ್ಷ ಕೋಲು ಹಿಡಿದಿರುತ್ತಾರೆ. ಬೆನ್ನುಹುರಿ ಒತ್ತಿಕೊಳ್ಳುತ್ತಿರುವುದರ ಆರಂಭದ ಗುರುತು ನೋವೇ ಆಗಬೇಕಿಲ್ಲ. ನಡೆಯುವಾಗ ಚಪ್ಪಲಿ ಜಾರಿ ಹಿಂದೆ ಉಳಿದರೂ ಗೊತ್ತಾಗುವುದಿಲ್ಲ. ಕತ್ತಲಲ್ಲಿ ಹಿತ್ತಿಲಿಗೆ ಹೋಗುವಾಗ ಕಾಲು ತಡವರಿಸುತ್ತದೆ. "ಕಾಲು ಕಟ್ಟಿಗೆ ಆದಂಗೈತೆ" ಎನ್ನುತ್ತಾರೆ. ನರರೋಗ ತಜ್ಞರು ಚಪ್ಪಲಿಯ ಪ್ರಶ್ನೆಯನ್ನು ಮರೆಯದೆ ಕೇಳುವುದು ಅದಕ್ಕೇ.

"ಕುತ್ತಿಗೆ, ಸೊಂಟ ಬಗ್ಗುವುದಿಲ್ಲ. ಹಲ್ಲುಗಳ ಮೇಲೆ ಕಂದು ಕಲೆ."

ಗದ್ದವನ್ನು ಎದೆಗೆ ತಾಗಿಸಿ, ಎರಡೂ ಕೈಯನ್ನು ತಲೆಯ ಹಿಂದೆ ಹಿಡಿಯಿರಿ, ಮಂಡಿ ಮಡಿಸದೆ ಬಗ್ಗಿ ಕಾಲ್ಬೆರಳು ಮುಟ್ಟಿ. ಈ ಮೂರರಲ್ಲಿ ಯಾವುದಾದರೂ ಆಗದಿದ್ದರೆ ಮೂಳೆಗೆ ಫ್ಲೋರೈಡ್ ಇಳಿದಿರಬಹುದು ಎಂಬ ಅನುಮಾನ ಹುಟ್ಟುತ್ತದೆ. ಯಂತ್ರ ಬೇಡದ ಪರೀಕ್ಷೆ. ಹಟ್ಟಿಯ ಮುಂದೆ ನಿಂತು ಮಾಡಬಹುದು.

ಹಲ್ಲಿನ ಕಲೆಯ ವಿಚಾರದಲ್ಲಿ ಒಂದು ಎಚ್ಚರಿಕೆ ಬೇಕು. ಎನಾಮೆಲ್ ಕಟ್ಟುವುದು ಎಳವೆಯಲ್ಲಿ, ಸುಮಾರು ಎಂಟು ವರ್ಷದೊಳಗೆ. ಆ ವಯಸ್ಸಿನಲ್ಲಿ ಕುಡಿದ ನೀರು ಹಲ್ಲಿನಲ್ಲಿ ಉಳಿಯುತ್ತದೆ. ದೂರದ ಒಳ್ಳೆ ನೀರಿನ ಊರಿನಿಂದ ಸೊಸೆಯಾಗಿ ಬಂದ ಹೆಂಗಸಿಗೆ ಹಲ್ಲು ಬೆಳ್ಳಗೇ ಇದ್ದು, ಮೂವತ್ತು ವರ್ಷದ ನಂತರ ಬೆನ್ನು ಬಿಗಿಯಬಹುದು. ಬಿಳಿ ಹಲ್ಲು ಕಂಡು "ಇವರಿಗೆ ಫ್ಲೋರೋಸಿಸ್ ಇಲ್ಲ" ಎಂದುಬಿಟ್ಟರೆ ತಪ್ಪುವುದು ಹೆಂಗಸರ ರೋಗ ಪತ್ತೆಯೇ.

"ಎರಡೂ ಕಾಲುಗಳಲ್ಲಿ ಸ್ಪಾಸ್ಟಿಸಿಟಿ. ಪ್ಲಾಂಟರ್ ಎಕ್ಸ್‌ಟೆನ್ಸರ್."

ಸ್ಪಾಸ್ಟಿಸಿಟಿ ಎಂದರೆ ಸ್ನಾಯು ಸಡಿಲವಾಗದ ಬಿಗಿತ. ಎರಡನೆಯ ಮಾತು ಹೀಗೆ: ಅಂಗಾಲಿನ ಹೊರ ಅಂಚಿನುದ್ದಕ್ಕೂ ಮೊಂಡು ತುದಿಯಿಂದ ಗೀರಿದರೆ ಆರೋಗ್ಯವಂತರ ಹೆಬ್ಬೆರಳು ಕೆಳಗೆ ಮಡಿಯುತ್ತದೆ. ಮಿದುಳಿನಿಂದ ಕಾಲಿಗೆ ಹೋಗುವ ದಾರಿಗೆ ಪೆಟ್ಟು ಬಿದ್ದವರ ಹೆಬ್ಬೆರಳು ಮೇಲೇಳುತ್ತದೆ. ಪ್ಯಾರಿಸ್ಸಿನ ಬಬಿನ್‌ಸ್ಕಿ 1896ರಲ್ಲಿ ಇದನ್ನು ವಿವರಿಸಿದರು. ತೊಂದರೆ ಮಂಡಿಯಲ್ಲಿಲ್ಲ, ಮೇಲೆಲ್ಲೋ ಇದೆ ಎಂದು ಈ ಗೀರು ಹೇಳಿಕೊಡುತ್ತದೆ. ಇದನ್ನು ನೋಡದೆ ಮಂಡಿನೋವಿಗೆ ಮಾತ್ರೆ ಕೊಟ್ಟು ಕಳಿಸಿದ್ದರಿಂದ ಕಾಲು ಕಳೆದುಕೊಂಡವರಿದ್ದಾರೆ ಎಂಬುದನ್ನು ನೋವಿನಿಂದಲೇ ಬರೆಯುತ್ತಿದ್ದೇನೆ.

"ಎಕ್ಸ್‌ರೇ: ಮೂಳೆಗಳು ಅತಿ ದಟ್ಟ. ಮುಂಗೈಯ ಎರಡು ಮೂಳೆಗಳ ನಡುವಿನ ಪೊರೆ ಗಟ್ಟಿಯಾಗಿದೆ."

ಬೆನ್ನಿನ ರೋಗಕ್ಕೆ ಮುಂಗೈಯ ಎಕ್ಸ್‌ರೇ ಯಾಕೆ ಎಂದು ಮನೆಯವರು ಕೇಳುತ್ತಾರೆ. ಮುಂಗೈಯಲ್ಲಿ ಜೊತೆಜೊತೆಗಿರುವ ಎರಡು ಮೂಳೆಗಳ ನಡುವೆ ತೆಳು ಪೊರೆಯಿದೆ. ಫ್ಲೋರೈಡ್ ತುಂಬಿದಾಗ ಆ ಪೊರೆಗೆ ಸುಣ್ಣದಂಶ ಕೂತು, ಮೂಳೆಯ ಅಂಚಿನಲ್ಲಿ ಜಾಲಿ ಮುಳ್ಳಿನಂತೆ ಚೂಪುಚೂಪಾಗಿ ಕಾಣುತ್ತದೆ. ಫ್ಲೋರೋಸಿಸ್‌ಗೆ ಇದು ದೊಡ್ಡ ಸಾಕ್ಷಿ.

ನಮ್ಮ ದೇಶದಲ್ಲಿ ಈ ರೋಗವನ್ನು ಮೊದಲು ಗುರುತಿಸಿದ್ದು ಎತ್ತಿನ ಕಾಲಲ್ಲಿ. ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಸೀಮೆಯಲ್ಲಿ ಉಳುವ ಎತ್ತುಗಳು ಕೀಲು ಬಿಗಿದು ನಡೆಯಲಾರದೆ ಹೋಗುವುದನ್ನು ರೈತರು ಗಮನಿಸಿದ್ದರು. 1937ರಲ್ಲಿ ಶಾರ್ಟ್ ಮತ್ತು ಅವರ ಸಂಗಡಿಗರು ಅದೇ ಸೀಮೆಯ ಮನುಷ್ಯರ ರೋಗವನ್ನು ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಿಸಿದರು. ಎತ್ತಿನ ನಡಿಗೆ ಕೆಟ್ಟದ್ದನ್ನು ತಕ್ಷಣ ಗುರುತಿಸುವ ಒಕ್ಕಲಿಗ, ತನ್ನ ನಡಿಗೆ ಕೆಟ್ಟದ್ದಕ್ಕೆ ಮೂರು ವರ್ಷ ಕಾಯುತ್ತಾನೆ.

"ಎಂಆರ್‌ಐ: ಡಿ9ರಿಂದ ಡಿ11ರವರೆಗೆ ಲಿಗಮೆಂಟಮ್ ಫ್ಲೇವಮ್ ಮೂಳೆಗಟ್ಟಿದೆ. ಬೆನ್ನುಹುರಿ ಒತ್ತಿದೆ. ಹುರಿಯಲ್ಲಿ ಸಿಗ್ನಲ್ ಬದಲಾವಣೆ."

ಡಿ ಎಂದರೆ ಎದೆಮಟ್ಟದ ಬೆನ್ನುಮೂಳೆಗಳು, ಒಟ್ಟು ಹನ್ನೆರಡು. ಒಂದು ಮೂಳೆಯ ಹಿಂಭಾಗದಿಂದ ಇನ್ನೊಂದಕ್ಕೆ ಹಳದಿ ಬಣ್ಣದ ಪಟ್ಟಿಯೊಂದು ಹಬ್ಬಿರುತ್ತದೆ. ಫ್ಲೇವಮ್ ಎಂದರೆ ಲ್ಯಾಟಿನ್ನಿನಲ್ಲಿ ಹಳದಿ. ನಾವು ಬಗ್ಗಿದರೆ ಅದು ರಬ್ಬರಿನಂತೆ ಎಳೆದುಕೊಳ್ಳುತ್ತದೆ, ನೆಟ್ಟಗಾದರೆ ಕುಗ್ಗುತ್ತದೆ. ಕಳೆ ಕೀಳುವ ಹೆಂಗಸು ದಿನಕ್ಕೆ ನೂರಾರು ಸಲ ಬಗ್ಗಿ ಏಳುವುದು ಈ ಪಟ್ಟಿಯ ದಯೆಯಿಂದ. ಫ್ಲೋರೈಡ್ ಮೂಳೆ ಕಟ್ಟುವ ಜೀವಕೋಶಗಳನ್ನು ಅತಿಯಾಗಿ ಕೆರಳಿಸುತ್ತದೆ. ಪಟ್ಟಿ ದಪ್ಪವಾಗಿ, ಕಡೆಗೆ ತಾನೇ ಮೂಳೆಯಾಗುತ್ತದೆ. ಅದರ ಮುಂದೆಯೇ ಕಿರುಬೆರಳ ಗಾತ್ರದ ಬೆನ್ನುಹುರಿ ಇದೆ. ಸರಿಯಲು ಜಾಗವಿಲ್ಲ.

"ಸಿಗ್ನಲ್ ಬದಲಾವಣೆ" ಎಂದರೆ ಹುರಿಯ ಒಳಗೇ ಪೆಟ್ಟಾಗಿರುವ ಸೂಚನೆ. ಒತ್ತಡ ತೆಗೆದ ಮೇಲೆ ಎಷ್ಟು ಮರಳುತ್ತದೆ ಎಂಬುದಕ್ಕೆ ವೈದ್ಯರು ಇಲ್ಲಿಂದಲೇ ಅಂದಾಜು ಕಟ್ಟುತ್ತಾರೆ. ಹೈದರಾಬಾದಿನ ನರಶಸ್ತ್ರವೈದ್ಯ ಡಿ. ರಾಜಾ ರೆಡ್ಡಿಯವರು ಫ್ಲೋರೋಸಿಸ್‌ನಿಂದ ನರಮಂಡಲಕ್ಕೆ ಆಗುವ ಹಾನಿಯನ್ನೇ ದಶಕಗಳ ಕಾಲ ಅಧ್ಯಯನ ಮಾಡಿದವರು. ಹಾನಿಯ ಮುಖ್ಯ ಕಾರಣ ಬೆಳೆದ ಮೂಳೆಯ ಒತ್ತಡ ಎಂಬುದು ಅಂಥ ಅಧ್ಯಯನಗಳಿಂದ ಗಟ್ಟಿಯಾಯಿತು. ವಿಷವೇ ನರವನ್ನು ಸುಟ್ಟಿದ್ದರೆ ಚಾಕುವಿಗೆ ಕೆಲಸವಿರಲಿಲ್ಲ. ಒತ್ತಡವಾದ್ದರಿಂದ ತೆಗೆಯಬಹುದು.

"ಅಪಾಯಗಳನ್ನು ರೋಗಿಗೂ ಮನೆಯವರಿಗೂ ವಿವರಿಸಿ ಒಪ್ಪಿಗೆ ಪಡೆಯಲಾಗಿದೆ."

ಹೆಬ್ಬೆಟ್ಟು ಒತ್ತುವ ಹೊತ್ತಿಗೆ ಮನೆಯವರ ಮನಸ್ಸು ದುಡ್ಡಿನ ಕಡೆಗಿರುತ್ತದೆ, ಅರ್ಧ ಕೇಳಿಸಿರುವುದಿಲ್ಲ. ಕುತ್ತಿಗೆ ಬಗ್ಗದವರ ಗಂಟಲಿಗೆ ಅರಿವಳಿಕೆಯ ಕೊಳವೆ ಇಳಿಸುವುದೇ ಕಷ್ಟ. ಪಕ್ಕೆಲುಬಿನ ಕೀಲುಗಳೂ ಬಿಗಿದಿರುವುದರಿಂದ ಎದೆ ಹಿಗ್ಗುವುದಿಲ್ಲ, ಉಸಿರಾಟ ಮೊದಲೇ ಕಡಿಮೆ. ಅಂಥವರನ್ನು ಗಂಟೆಗಟ್ಟಲೆ ಬೋರಲು ಮಲಗಿಸಬೇಕು. ಆಪರೇಷನ್ ನಂತರ ಇರುವ ಬಲವೂ ಹೋಗುವ ಸಾಧ್ಯತೆಯುಂಟು.

ದುಡ್ಡಿನ ಮಾತು ಬಂತು. ಬಡವರ ಆಸ್ಪತ್ರೆ ಖರ್ಚು ಭರಿಸುವ ಆಂಧ್ರ ಸರ್ಕಾರದ ಆರೋಗ್ಯಶ್ರೀ ಯೋಜನೆ 2007ರ ಏಪ್ರಿಲ್ 1ರಂದು ಪ್ರಯೋಗವಾಗಿ ಶುರುವಾದ ಮೂರು ಜಿಲ್ಲೆಗಳಲ್ಲಿ, ಹಿಂದೂಪುರ, ಕಲ್ಯಾಣದುರ್ಗಗಳು ಆಗ ಸೇರಿದ್ದ ಅನಂತಪುರವೂ ಒಂದು. ಅದಕ್ಕೂ ಮೊದಲೇ, 1991ರಲ್ಲಿ ಪುಟ್ಟಪರ್ತಿಯಲ್ಲಿ, 2001ರಲ್ಲಿ ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ ಬಿಲ್ಲಿಲ್ಲದ ಸತ್ಯಸಾಯಿ ಆಸ್ಪತ್ರೆಗಳು ತೆರೆದಿದ್ದವು. ವೈಟ್‌ಫೀಲ್ಡಿನಲ್ಲಿ ನರಶಸ್ತ್ರಚಿಕಿತ್ಸೆಯೂ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಆರ್.ಎಂ. ವರ್ಮಾ ಅಡಿಪಾಯ ಹಾಕಿದ ನರಶಸ್ತ್ರಚಿಕಿತ್ಸಾ ವಿಭಾಗವಿದೆ. ಕಲ್ಯಾಣದುರ್ಗದವರಿಗೆ ಊರಲ್ಲೇ ಆರ್‌ಡಿಟಿ (ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್) ಆಸ್ಪತ್ರೆಯಿದೆ. ಬೆನ್ನುಹುರಿಯ ಆಪರೇಷನ್ನಿಗೆ ದೊಡ್ಡ ಊರಿಗೇ ಹೋಗಬೇಕು, ಆದರೆ ಅನುಮಾನ ಬಂದಾಗ ಮೊದಲು ತೋರಿಸುವುದಕ್ಕೆ ಬಾಗಿಲು ಹತ್ತಿರದಲ್ಲೇ ಇದೆ.

"ಲ್ಯಾಮಿನೆಕ್ಟಮಿ ಮಾಡಲಾಯಿತು. ಮೂಳೆ ದಂತದಂತೆ ಗಟ್ಟಿ. ಹೈಸ್ಪೀಡ್ ಡ್ರಿಲ್, ಡೈಮಂಡ್ ಬರ್ ಬಳಸಲಾಯಿತು."

ಚೀಟಿಯಲ್ಲಿ ಎರಡು ಗೆರೆ, ಥಿಯೇಟರಿನಲ್ಲಿ ನಾಲ್ಕೈದು ಗಂಟೆ. ಲ್ಯಾಮಿನಾ ಎಂದರೆ ಬೆನ್ನುಹುರಿಯ ಹಿಂದಿನ ಮೂಳೆಯ ಚಾವಣಿ. ಚಾವಣಿ ತೆಗೆದರೆ ಒಳಗಿನ ಹುರಿಗೆ ಜಾಗ ಸಿಗುತ್ತದೆ. 1887ರಲ್ಲಿ ಲಂಡನ್ನಿನ ವಿಕ್ಟರ್ ಹಾರ್ಸ್ಲಿ ಇದೇ ದಾರಿಯಲ್ಲಿ ಬೆನ್ನುಹುರಿಯ ಗೆಡ್ಡೆಯೊಂದನ್ನು ತೆಗೆದು ರೋಗಿಯನ್ನು ನಡೆಯುವಂತೆ ಮಾಡಿದರು. ಮಾಮೂಲಿ ಮೂಳೆಯನ್ನು ಕಚ್ಚಿ ತೆಗೆಯುವ ಇಕ್ಕಳದಂಥ ಸಾಧನಗಳಿವೆ. ಅದರ ತುಟಿಯನ್ನು ಮೂಳೆಯ ಅಡಿಗೆ ತೂರಿಸಿ ಕಚ್ಚಬೇಕು. ಫ್ಲೋರೋಸಿಸ್ ಬೆನ್ನಿನಲ್ಲಿ ಹಾಗೆ ತೂರಿಸಲು ಕೂದಲೆಳೆಯ ಸಂದೂ ಇರುವುದಿಲ್ಲ. ಬಲವಂತವಾಗಿ ತೂರಿಸಿದರೆ ಮೊದಲೇ ನಲುಗಿರುವ ಹುರಿ ಇನ್ನಷ್ಟು ನಲುಗುತ್ತದೆ. ಮಲಗಿದಾಗ ಕಾಲಾಡಿಸುತ್ತಿದ್ದವರು ಎದ್ದಾಗ ಆಡಿಸದೆ ಹೋಗಬಹುದು.

ಡ್ರಿಲ್ ಬಂದ ಮೇಲೆ ಬದಲಾದದ್ದು ಇಲ್ಲಿ. ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗುವ ಪುಟ್ಟ ಗುಂಡುತಲೆ, ಮೊದಲು ಕತ್ತರಿಸುವ ಹಲ್ಲಿನದು, ಹುರಿ ಹತ್ತಿರವಾದಂತೆ ವಜ್ರದ ಪುಡಿ ಮೆತ್ತಿದ್ದು. ವಜ್ರದ ತಲೆ ಮೂಳೆಯನ್ನು ಕಚ್ಚುವುದಿಲ್ಲ, ಸವೆಸುತ್ತದೆ. ಸವೆತದಿಂದ ಕಾವು ಹುಟ್ಟುವುದರಿಂದ ಪಕ್ಕದಲ್ಲೊಬ್ಬರು ಬಿಡದೆ ಸಲೈನ್ ಹನಿಸುತ್ತಿರಬೇಕು. ಮೈಕ್ರೋಸ್ಕೋಪಿನಡಿ ಬಿಳಿ ಮೂಳೆ ತೆಳುವಾಗುತ್ತಾ ಮೊಟ್ಟೆಯ ಚಿಪ್ಪಿನಷ್ಟಾಗುತ್ತದೆ, ಅದರಡಿ ಬೆನ್ನುಹುರಿಯ ಪೊರೆಯ ನೀಲಿಛಾಯೆ ಮಸುಕಾಗಿ ಕಾಣುತ್ತದೆ. ಅಲ್ಲಿಗೆ ಡ್ರಿಲ್ ನಿಲ್ಲಿಸಿ, ಆ ಚಿಪ್ಪನ್ನು ಸಣ್ಣ ಕೊಕ್ಕೆಯಿಂದ ಮೇಲಕ್ಕೆತ್ತುತ್ತಾರೆ. ಒತ್ತಬಾರದು, ಎತ್ತಬೇಕು, ಈ ಆಪರೇಷನ್ನಿನ ಗುಟ್ಟೆಲ್ಲ ಅಷ್ಟೇ. ಸೌಲಭ್ಯವಿರುವ ಕಡೆ ತಲೆಗೂ ಕಾಲಿಗೂ ತಂತಿ ಜೋಡಿಸಿ, ಮಿದುಳಿನಿಂದ ಕಾಲಿಗೆ ಸಂಕೇತ ಹರಿಯುತ್ತಿದೆಯೇ ಎಂದು ಉದ್ದಕ್ಕೂ ನೋಡುತ್ತಿರುತ್ತಾರೆ.

"ಡ್ಯೂರಾ ಅಂಟಿಕೊಂಡಿತ್ತು. ಸಣ್ಣ ಹರುಕು; ಹೊಲಿದು ಮುಚ್ಚಲಾಗಿದೆ."

ಡ್ಯೂರಾ ಎಂದರೆ ಬೆನ್ನುಹುರಿಯ ಹೊರಚೀಲ. ಕೆಲವರಲ್ಲಿ ಮೂಳೆ ಮತ್ತು ಚೀಲ ಒಂದಕ್ಕೊಂದು ಬೆಸೆದಿರುತ್ತವೆ, ಚೀಲವೇ ಮೂಳೆಗಟ್ಟಿರುವುದೂ ಉಂಟು. ಬಿಡಿಸುವಾಗ ಹರಿದರೆ ಒಳಗಿನ ತಿಳಿ ದ್ರವ ಸೋರುತ್ತದೆ. ಈ ಸಾಲನ್ನು ಓದಿ ಡಾಕ್ಟರು ತಪ್ಪು ಮಾಡಿದರು ಎಂದು ಹೌಹಾರಬೇಕಿಲ್ಲ. ಈ ರೋಗದಲ್ಲಿ ಆಗುವಂಥದ್ದೇ ಅದು, ಮುಚ್ಚಿಡದೆ ಬರೆದಿರುವುದು ಒಳ್ಳೆಯ ಲಕ್ಷಣ. ಮನೆಗೆ ಬಂದ ಮೇಲೆ ಗಾಯದಿಂದ ನೀರಿನಂಥದ್ದು ಒಸರಿದರೆ, ಎದ್ದು ಕೂತಾಗ ತಲೆ ಸಿಡಿದರೆ, ಜ್ವರ ಬಂದರೆ, ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಅಂದೇ ರೈಲು ಹತ್ತಿ.

"ಕಾಲಿನ ಬಲದಲ್ಲಿ ಹೊಸ ಇಳಿಕೆಯಿಲ್ಲ. ಫಿಸಿಯೋಥೆರಪಿ ಸಲಹೆ."

ಮೊದಲಿಗಿಂತ ಕೆಟ್ಟಿಲ್ಲ ಎಂದು ಇದರರ್ಥ. ಮನೆಯವರಿಗೆ ನಿರಾಸೆ: ಇಷ್ಟೆಲ್ಲ ಮಾಡಿಸಿ ಇಷ್ಟೇನಾ? ಒತ್ತಡ ತೆಗೆದ ಹುರಿ ಚೇತರಿಸಿಕೊಳ್ಳಲು ತಿಂಗಳುಗಳು ಬೇಕು. ಎಷ್ಟು ಮರಳುತ್ತದೆ ಎಂಬುದು ಒತ್ತಡ ಎಷ್ಟು ಕಾಲದಿಂದ ಇತ್ತು, ಆಪರೇಷನ್ನಿನ ದಿನ ಎಷ್ಟು ನಡೆಯುತ್ತಿದ್ದರು ಎಂಬುದರ ಮೇಲಿದೆ. ಕೋಲೂರಿಕೊಂಡು ನಡೆದು ಬಂದವರಿಗೂ ಬೇರೆಯವರ ಹೆಗಲ ಮೇಲೆ ಬಂದವರಿಗೂ ಫಲ ಒಂದೇ ಅಲ್ಲ. ಡ್ರಿಲ್ ಎಷ್ಟೇ ಸೂಕ್ಷ್ಮವಾದರೂ ಸತ್ತ ನರವನ್ನು ಎಬ್ಬಿಸಲಾರದು.

ಇಲ್ಲಿಗೆ ಚೀಟಿ ಮುಗಿಯುತ್ತದೆ. ನನ್ನ ತಕರಾರಿರುವುದು ಅದರಲ್ಲಿ ಸಾಮಾನ್ಯವಾಗಿ ಇಲ್ಲದ ಒಂದು ಸಾಲಿನ ಬಗ್ಗೆ:

"ಮನೆಯ ನೀರಿನಲ್ಲಿ ಫ್ಲೋರೈಡ್: ಲೀಟರಿಗೆ ___ ಮಿಲಿಗ್ರಾಂ."

ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿಲ್ಲದಿದ್ದರೆ 1.5ರವರೆಗೆ. ಅನಂತಪುರ ಸೀಮೆಯ ಗ್ರಾನೈಟ್, ನೈಸ್ ಕಲ್ಲುಗಳಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ. ವರ್ಷಕ್ಕೆ ಸುಮಾರು 550 ಮಿ.ಮೀ. ಮಳೆ. ಪೆನ್ನೆಯೂ ವೇದಾವತಿಯೂ ವರ್ಷದ ಹೆಚ್ಚು ಕಾಲ ಮರಳು. ತೆರೆದ ಬಾವಿಗಳು ಬತ್ತಿದಂತೆ ಬೋರು ಆಳಕ್ಕೆ ಹೋಯಿತು. ಕಲ್ಲಿನ ಬಿರುಕಿನಲ್ಲಿ ಬಹುಕಾಲ ನಿಂತ, ಸುಣ್ಣದಂಶ ಕಡಿಮೆಯಾದ ನೀರು ಫ್ಲೋರೈಡನ್ನು ಕರಗಿಸಿಕೊಂಡು ಮೇಲೆ ಬಂತು. 1995ರ ಸತ್ಯಸಾಯಿ ನೀರಿನ ಯೋಜನೆ ಏಳುನೂರಕ್ಕೂ ಹೆಚ್ಚು ಹಳ್ಳಿಗಳಿಗೆ ನಲ್ಲಿ ತಂದದ್ದನ್ನು ಕೃತಜ್ಞತೆಯಿಂದಲೇ ನೆನೆಯಬೇಕು. ಆದರೂ ನಲ್ಲಿ ಬರದ ದಿನ ಕೊಡ ಹೋಗುವುದು ಬೋರಿನ ಕಡೆಗೇ. ಕುಡಿಯಲು ಕ್ಯಾನ್ ನೀರು ತರುವ ಮನೆಯಲ್ಲೂ ಮುದ್ದೆಗೆ ಎಸರಿಡುವುದು, ಬೇಳೆ ಬೇಯಿಸುವುದು ಬೋರ್ ನೀರಿನಲ್ಲಿ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದು ಇನ್ನೂ ದಟ್ಟವಾಗುತ್ತದೆ.

ಹಿಂದೂಪುರದ ಹುಣಸೆ ಮಾರುಕಟ್ಟೆ ಹೆಸರುವಾಸಿ. ಹುಣಸೆ ತಿಂದ ಮಕ್ಕಳ ಮೂತ್ರದಲ್ಲಿ ಫ್ಲೋರೈಡ್ ಹೆಚ್ಚು ಹೊರಹೋಗುತ್ತದೆ ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2002ರಲ್ಲಿ ಪ್ರಕಟಿಸಿದರು. ಸಾರಿಗೆ ಹುಣಸೆ ಹಿಂಡುವುದು ಒಳ್ಳೆಯದೇ. ಆಗಲೇ ಕಲ್ಲಾದ ಬೆನ್ನನ್ನು ಅದು ಕರಗಿಸುವುದಿಲ್ಲ.

ಆಪರೇಷನ್ ಮಾಡಿಸಿಕೊಂಡವರು ಮನೆಗೆ ಬಂದು ಅದೇ ನೀರು ಕುಡಿದರೆ ಉಳಿದ ಮೂಳೆಗಳು ಬೆಳೆಯುತ್ತಲೇ ಇರುತ್ತವೆ. ಆದ್ದರಿಂದ ಡಾಕ್ಟರುಗಳಲ್ಲಿ ಒಂದು ವಿನಂತಿ: ಈ ಸೀಮೆಯ ರೋಗಿಯ ಚೀಟಿಯಲ್ಲಿ ನೀರಿನ ಸಾಲೊಂದನ್ನು ಸೇರಿಸಿ. ಮನೆಯವರಲ್ಲಿ ಇನ್ನೊಂದು: ಬೋರ್ ನೀರನ್ನು ಒಂದು ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ ಗ್ರಾಮೀಣ ನೀರು ಸರಬರಾಜು ವಿಭಾಗದ ಪ್ರಯೋಗಾಲಯಕ್ಕೆ ಕೊಟ್ಟು, ಬಂದ ಅಂಕಿಯನ್ನು ಆ ಖಾಲಿ ಜಾಗದಲ್ಲಿ ನೀವೇ ಬರೆಯಿರಿ. ಅಪ್ಪನ ಚಪ್ಪಲಿ ಗೊತ್ತಿಲ್ಲದೆ ಜಾರುತ್ತಿದ್ದರೆ, ಈ ಸುಗ್ಗಿ ಮುಗಿಯಲಿ ಎನ್ನಬೇಡಿ, ಈ ವಾರವೇ ಕರೆದುಕೊಂಡು ಹೋಗಿ.